ಕೈಗೆ ಹಾಕಿದ ಪ್ಲಾಸ್ಟರ್ ಬಿಸಿಯಾಗುವುದೇಕೆ?

ಪ್ರಶ್ನೆ: ಮಗನ ಮುರಿದ ಕೈಗೆ ಪ್ಲಾಸ್ಟರ್ ಹಾಕಿದಾಗ ಬಿಸಿ ಬಿಸಿ ಎಂದು ಅತ್ತ. ಏಕೆ ಹಾಗೆ? ಗೋಡೆಗೆ ಬಳಿಯುವುದೂ ಇದೇ ಪ್ಲಾಸ್ಟರೇ?

ಉತ್ತರ: ಆ ಬಿಸಿ ಸಹಜ, ಗಾಬರಿ ಬೇಡ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಹರಳುಗಳೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಹೋಗುತ್ತದೆ. ಉಳಿಯುವ ಬಿಳಿ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ). ಅದನ್ನು ಮೆತ್ತಿದ ಬ್ಯಾಂಡೇಜನ್ನು ನೀರಿಗೆ ಅದ್ದಿದೊಡನೆ ಪುಡಿ ಕಳೆದುಕೊಂಡ ನೀರನ್ನು ಮರಳಿ ಹೀರಿಕೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಸೂಜಿಯಂಥ ಹರಳುಗಳು ಬೆಳೆದು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಗಟ್ಟಿತನ ಬರುವುದು ಈ ಹೆಣಿಗೆಯಿಂದ. ಶಾಖ ಹೊಮ್ಮುವುದೂ ಆಗಲೇ. ಅದ್ದುವ ನೀರು ಬಿಸಿಯಿದ್ದಷ್ಟೂ, ಪದರ ದಪ್ಪವಾದಷ್ಟೂ ಶಾಖ ಹೆಚ್ಚು. ಆದ್ದರಿಂದ ಹೊಸ ಪ್ಲಾಸ್ಟರಿನ ಮೇಲೆ ಕಂಬಳಿ ಹೊದಿಸಬೇಡಿ, ಗಾಳಿಯಾಡಲಿ. ಕೆಲವೇ ನಿಮಿಷಗಳಲ್ಲಿ ಬಿಗಿದರೂ ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಿ.

ಇಂಥ ಬ್ಯಾಂಡೇಜನ್ನು 1851ರಲ್ಲಿ ಬಳಕೆಗೆ ತಂದವರು ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್. ಗಾಯಗೊಂಡ ಸೈನಿಕರಿಗೆ ಅದೆಂಥ ಉಪಕಾರ!

ಗೋಡೆಯ ವಿಷಯ ಬೇರೆ. ಹೊರಗೋಡೆಗೆ ಬಳಿಯುವುದು ಸಿಮೆಂಟು, ಮರಳಿನ ಗಾರೆ. ಅದು ಗಟ್ಟಿಯಾಗಲು ದಿನಗಟ್ಟಲೆ ನೀರುಣಿಸಬೇಕು. ಹಳೆಯ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ನಿಮ್ಮ ಮಗನ ಕೈಮೇಲಿನ ಪ್ಲಾಸ್ಟರಿನ ಸೋದರ ಸಿಗುವುದು ಮನೆಯೊಳಗಿನ ಪಿಒಪಿ ಫಾಲ್ಸ್ ಸೀಲಿಂಗಿನಲ್ಲಿ.