ಲೂಪಸ್ ಮತ್ತು ಕಿಡ್ನಿ: ನೆರವು ಮೊದಲೇ ಏಕೆ ಬೇಕು?



ವೈದ್ಯಕೀಯ ನೆರವು ಕೋರಿ ಬರುವ ಅರ್ಜಿಯಲ್ಲಿ ಡಯಾಲಿಸಿಸ್, ಕ್ಯಾನ್ಸರ್, ಹೃದಯದ ಆಪರೇಷನ್ ಎಂದಿದ್ದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 'ಲೂಪಸ್ ನೆಫ್ರೈಟಿಸ್' ಎಂದಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ. ಓಡಾಡಿಕೊಂಡಿರುವ, ನೋಡಲು ಚೆನ್ನಾಗಿಯೇ ಇರುವ ಹೆಣ್ಣುಮಗಳಿಗೆ ತಿಂಗಳು ತಿಂಗಳು ನೆರವು ಏಕೆ? ಪ್ರಶ್ನೆ ಸಹಜವಾದದ್ದು. ಉತ್ತರ ಆ ಕಾಯಿಲೆಯ ಸ್ವಭಾವದಲ್ಲೇ ಇದೆ.

ಲೂಪಸ್ ಅಂಟುರೋಗವಲ್ಲ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಅದರಲ್ಲೂ 15ರಿಂದ 45 ವರ್ಷದೊಳಗಿನವರೇ ಹೆಚ್ಚು. ಓದುವ, ದುಡಿಯುವ, ಮಕ್ಕಳನ್ನು ಹೆತ್ತು ಸಾಕುವ ವಯಸ್ಸದು.

ನಮ್ಮ ಒಂದೊಂದು ಕಿಡ್ನಿಯಲ್ಲೂ ರಕ್ತವನ್ನು ಸೋಸುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಲೂಪಸ್‌ನಲ್ಲಿ ದೇಹ ತನ್ನದೇ ಡಿ.ಎನ್.ಎ. ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಗಂಟುಕಟ್ಟಿಕೊಂಡು ಈ ಜರಡಿಗಳಲ್ಲಿ ಸಿಕ್ಕಿಕೊಂಡಾಗ ಅಲ್ಲಿ ಉರಿಯೂತ ಶುರುವಾಗುತ್ತದೆ. ಜರಡಿ ತೂತುಬಿದ್ದು ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಸಂಜೆಗೆ ಪಾದದಲ್ಲಿ ಬಾವು, ಏರುವ ಬಿ.ಪಿ. – ಇವು ಅದರ ಸೂಚನೆಗಳು. ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿಯೇ ಹಲವರು ತಡಮಾಡುತ್ತಾರೆ.

ಎರಡನೆಯ ಅಪಾಯ ರಕ್ತ ಹೆಪ್ಪುಗಟ್ಟುವುದು. ಇದಕ್ಕೆ ಮೂರು ದಾರಿಗಳಿವೆ. ಉರಿಯೂತವಾದ ರಕ್ತನಾಳದ ಒಳಗೋಡೆ ತನ್ನ ನುಣುಪು ಕಳೆದುಕೊಳ್ಳುವುದರಿಂದ ರಕ್ತ ಅಲ್ಲಿ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮತ್ತಷ್ಟು ಉರಿಯೂತ ತರುತ್ತದೆ. ಇನ್ನು, ಸೋರಿಹೋಗುವ ಪ್ರೋಟೀನ್‌ಗಳಲ್ಲಿ ಹೆಪ್ಪು ತಡೆಯುವ ಆಂಟಿಥ್ರಾಂಬಿನ್ ಕೂಡ ಸೇರಿದೆ. ಅದು ಕಡಿಮೆಯಾದರೆ ಕಾಲಿನ ಅಥವಾ ಕಿಡ್ನಿಯ ಅಭಿಧಮನಿಯಲ್ಲೇ ಹೆಪ್ಪು ಕಟ್ಟಬಹುದು. ಮೂರನೆಯದಾಗಿ, ಕೆಲವು ರೋಗಿಗಳಲ್ಲಿ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇವುಗಳಿಂದಾಗುವ ತೊಂದರೆಯನ್ನು ವಿವರಿಸಿದರು: ಪದೇ ಪದೇ ಹೆಪ್ಪುಗಟ್ಟುವುದು, ಗರ್ಭಪಾತ, ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು.

ಈ ಪ್ರತಿಕಾಯಗಳಲ್ಲಿ ಒಂದರ ಹೆಸರು 'ಲೂಪಸ್ ಆಂಟಿಕೊಆಗ್ಯುಲಂಟ್'. ಹೆಪ್ಪು ತಡೆಯುವಂಥದ್ದು ಎಂದು ಹೆಸರಿನ ಅರ್ಥ. ಪ್ರಯೋಗಾಲಯದ ನಳಿಕೆಯಲ್ಲಿ ಅದು ಹಾಗೆಯೇ ವರ್ತಿಸುತ್ತದೆ, ದೇಹದೊಳಗೆ ಮಾಡುವುದು ಅದರ ವಿರುದ್ಧ. ರಿಪೋರ್ಟ್ ಓದಿ ತಪ್ಪು ತಿಳಿಯಬಾರದು. ಒಮ್ಮೆ ಪಾಸಿಟಿವ್ ಬಂದರೆ 12 ವಾರಗಳ ನಂತರ ಮತ್ತೆ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ.

ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ: ಮೂತ್ರದಲ್ಲಿ ಪ್ರೋಟೀನ್, ಏರುವ ಕ್ರಿಯಾಟಿನಿನ್. ಮದ್ದು ಮಾತ್ರ ಬೇರೆ ಬೇರೆ. ಉರಿಯೂತಕ್ಕೆ ಸ್ಟೆರಾಯ್ಡ್, ಮೈಕೊಫಿನೊಲೇಟ್ ಅಥವಾ ಸೈಕ್ಲೋಫಾಸ್ಫಮೈಡ್. ಹೆಪ್ಪಿಗೆ ವಾರ್ಫರಿನ್‌ನಂಥ ಔಷಧ. ಕಿಡ್ನಿಯ ಬಯಾಪ್ಸಿ ಮಾಡಿಸಲು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ. ಸೂಜಿಯಿಂದ ತೆಗೆದ ಚಿಕ್ಕ ತುಣುಕು ಯಾವುದು ಎಷ್ಟಿದೆ ಎಂದು ತೋರಿಸುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನಂತೂ ಬಹುತೇಕ ಎಲ್ಲರಿಗೂ ಕೊಡುತ್ತಾರೆ. ಕಾಯಿಲೆ ಮರುಕಳಿಸುವುದನ್ನು ಅದು ಕಡಿಮೆ ಮಾಡುತ್ತದೆ.

ಮನೆಯವರು ಗಮನಿಸಬೇಕಾದ ಕೆಲವು ಮಾತುಗಳು:

• ಬಾವು ಇಳಿಯಿತೆಂದು ಸ್ಟೆರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ.
• ಕೀಲುನೋವಿಗೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ಅವು ಕಿಡ್ನಿಗೆ ಹಾನಿ. ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ.
• ವಾರ್ಫರಿನ್ ತೆಗೆದುಕೊಳ್ಳುವವರು ಐ.ಎನ್.ಆರ್. ಪರೀಕ್ಷೆ ತಪ್ಪಿಸಬಾರದು. ಸೊಪ್ಪು ಬಿಡಬೇಕಾಗಿಲ್ಲ, ಆದರೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು.
• ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಮೈಕೊಫಿನೊಲೇಟ್, ವಾರ್ಫರಿನ್ ಎರಡೂ ಭ್ರೂಣಕ್ಕೆ ಹಾನಿಕರ.
• ಒಂದೇ ಕಾಲು ಊದಿ ನೋಯುವುದು, ಹಠಾತ್ ಉಸಿರುಕಟ್ಟುವುದು, ಪಕ್ಕೆನೋವಿನೊಂದಿಗೆ ಕೆಂಪು ಮೂತ್ರ – ಕೂಡಲೇ ಆಸ್ಪತ್ರೆಗೆ.

ಈಗ ನೆರವಿನ ಮಾತು. ಕಿಡ್ನಿ ಪೂರ್ತಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಆಸರೆ ಇದೆ. 2016ರಿಂದ ಬಡವರಿಗಾಗಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೂ ಇದೆ. ಆದರೆ ಕಿಡ್ನಿ ಕೆಡದಂತೆ ನೋಡಿಕೊಳ್ಳುವ ವರ್ಷಗಳಲ್ಲಿ ಖರ್ಚೆಲ್ಲ ಹೊರರೋಗಿ ಚೀಟಿಯ ಮೇಲೆಯೇ: ಮಾತ್ರೆ, ರಕ್ತ-ಮೂತ್ರ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ. ಶಹಾಡ್‌ನಿಂದ ಪರೇಲಿನ ಕೆ.ಇ.ಎಂ. ಅಥವಾ ಸಯನ್ ಆಸ್ಪತ್ರೆಗೆ ಲೋಕಲ್‌ನಲ್ಲಿ ಹೋಗಿ ಸರದಿಯಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಹೋಗಿರುತ್ತದೆ; ಜೊತೆಗೆ ಬಂದವರದ್ದೂ ಹೋಗಿರುತ್ತದೆ. ಕೈಯಲ್ಲಿ ಹಣವಿಲ್ಲದ ತಿಂಗಳು ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಉರಿಯೂತ ಮರಳುತ್ತದೆ, ಮತ್ತೆ ಮತ್ತೆ ಉರಿಯೂತವಾದ ಜರಡಿ ಗಾಯಗಟ್ಟಿ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ.

ಆದ್ದರಿಂದ ಲೂಪಸ್ ರೋಗಿಗೆ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಪ್ಪದೆ ಸಿಗುವ ಚಿಕ್ಕ ಮೊತ್ತ ಹೆಚ್ಚು ಉಪಕಾರಿ. ವರ್ಷಕ್ಕೊಮ್ಮೆ ದೇಣಿಗೆ ನೀಡುವವರು ಅದನ್ನೇ ತಿಂಗಳ ಕಂತಾಗಿ ಕೊಡಬಹುದು. ಬಿಡುವಿರುವವರು ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ, ಕೇಸ್‌ಪೇಪರ್ ಮಾಡಿಸಿ, ಜನೌಷಧಿ ಅಂಗಡಿಯಲ್ಲಿ ಔಷಧ ಕೊಡಿಸಿದರೆ ಅದೂ ದೇಣಿಗೆಯೇ. ನಿಮ್ಮ ನೆರೆಹೊರೆಯ ಚಾಳಿನಲ್ಲಿ, ಬಿಲ್ಡಿಂಗಿನಲ್ಲಿ ಇಂಥ ಕಾಯಿಲೆಯ ಹೆಣ್ಣುಮಕ್ಕಳಿದ್ದು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದರೆ ದಯವಿಟ್ಟು ನಮ್ಮ ಕಾರ್ಯಕರ್ತರಿಗೆ ತಿಳಿಸಿ. ಹನಿಗೂಡಿದರೆ ಹಳ್ಳ. ಕೈಜೋಡಿಸಿ.