ಕೈ ಬಿಡುವಿಲ್ಲದಾಗ ಮೈಮೇಲಿನ ಗಣಕ

ಬೋರ್ಡೋ ದ್ರಾವಣ ಮೆತ್ತಿದ ಕೈಯಲ್ಲಿ ಪುಸ್ತಕ ಬರೆಯಲಾಗದು, ಫೋನ್ ಒತ್ತಲೂ ಆಗದು. ಯಾವ ಸಾಲಿಗೆ ಔಷಧಿ ಆಯಿತು, ಎಷ್ಟು ಡ್ರಮ್ ಮುಗಿಯಿತು ಎಂಬುದನ್ನು ನಾವು ಸಂಜೆ ನೆನಪಿನಿಂದ ಬರೆಯುತ್ತೇವೆ. ನೆನಪು ತಪ್ಪಿದರೆ, ಬಿಟ್ಟುಹೋದ ಸಾಲು ತಿಳಿಯುವುದು ಕೊಳೆ ಬಂದು ಕಾಯಿ ಉದುರಿದ ಮೇಲೆಯೇ. ಶೆಟ್ಟಿಕೊಪ್ಪದ ಸುತ್ತಿನ ಸದಸ್ಯರು ತಮ್ಮಲ್ಲಿರುವ ಸ್ಮಾರ್ಟ್‌ಫೋನನ್ನೇ ಮೈಮೇಲೆ ಧರಿಸುವ ಗಣಕವನ್ನಾಗಿ ಮಾಡಿಕೊಂಡು ಈ ತೊಡಕನ್ನು ನೀಗಿಸಿಕೊಳ್ಳಬಹುದು.

ಹಿನ್ನೆಲೆ

ಈ ಯೋಚನೆ ಹೊಸದಲ್ಲ. 1961ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಗಣಕವೊಂದನ್ನು ಮೈಮೇಲೆ ಧರಿಸಿ, ಜೂಜಿನ ಚಕ್ರದ ಗತಿಯನ್ನು ಲೆಕ್ಕ ಹಾಕಿದರು. ಗುಂಡಿ ಒತ್ತುವುದು ಕಾಲ್ಬೆರಳಿನಿಂದ, ಉತ್ತರ ಕೇಳುವುದು ಕಿವಿಯಲ್ಲಿ, ಕೈಗೆ ಕೆಲಸವಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ರೂಪಿಸಿದ ಅಂಗೈಗಣಕ ಸಿಂಪ್ಯೂಟರ್ 2004ರಲ್ಲಿ ಮಾರಾಟಕ್ಕೆ ಬಂದಿತು. ಅಕ್ಷರ ಬಾರದವರಿಗೂ ಗಣಕ ದಕ್ಕಬೇಕೆಂಬುದು ಅದರ ಉದ್ದೇಶವಾಗಿತ್ತು. 2017ರಲ್ಲಿ ಗೂಗಲ್ ಸಂಸ್ಥೆ ಕನ್ನಡದ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಒದಗಿಸಿತು.

ಜೋಡಿಸುವ ಬಗೆ

1. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಎದೆಗೆ ಪಟ್ಟಿ ಬಿಗಿಯಬೇಕು. ಅಂಗಿಯ ಜೇಬಿನಲ್ಲಿಟ್ಟರೆ ಬಗ್ಗಿದಾಗ ಬೀಳುತ್ತದೆ.

2. ಮೈಕ್ ಇರುವ ವೈರಿನ ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿರಿ. ಮರದ ಮೇಲಿನ ಕೊನೆಗಾರನ ಕೂಗು ಕೇಳಲು ಇನ್ನೊಂದು ಕಿವಿ ತೆರೆದಿರಲೇಬೇಕು.

3. ಸಿಗ್ನಲ್ ಸಿಗದ ತೋಟದಲ್ಲಿ ಬೆಳಿಗ್ಗೆಯೇ ಧ್ವನಿಮುದ್ರಣ ಚಾಲೂ ಮಾಡಿಬಿಡುವುದು ಸುಲಭ. ಸಾಲು ಮುಗಿದು ಪಂಪು ನಿಂತಾಗ "ಏಳನೇ ಸಾಲು ಆಯಿತು, ಎರಡು ಡ್ರಮ್" ಎಂದು ಹೇಳಿದರೆ ಸಾಕು. ಜೊತೆಯವರ ಮಾತೂ ಅದರಲ್ಲಿ ಸೇರುವುದರಿಂದ ಅವರಿಗೆ ಮೊದಲೇ ತಿಳಿಸುವುದು ಧರ್ಮ.

4. 10,000 ಎಂಎಎಚ್‌ನ ಪವರ್ ಬ್ಯಾಂಕಿನ ಶಕ್ತಿಯಲ್ಲಿ ಒಂದು ಭಾಗ ಬಿಸಿಯಾಗಿ ನಷ್ಟವಾಗುತ್ತದೆ. 5,000 ಎಂಎಎಚ್‌ನ ಫೋನನ್ನು ಅದು ಒಮ್ಮೆ ತುಂಬಿಸಿ ಸ್ವಲ್ಪ ಉಳಿಯಬಹುದು, ಎರಡು ಸಲ ತುಂಬಿಸದು. ಮುಚ್ಚಿದ ಚೀಲದೊಳಗೆ ಚಾರ್ಜ್ ಮಾಡಬಾರದು, ಬ್ಯಾಟರಿ ಕಾಯುತ್ತದೆ. ಊಟದ ಹೊತ್ತಿನಲ್ಲಿ, ಒಣಗಿದ ಜಾಗದಲ್ಲಿ ಮಾಡಿರಿ.

ಎಷ್ಟು ನಂಬಬಹುದು?

ಫೋನಿನ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಪಡೆಯುವುದರಿಂದ ಸಿಗ್ನಲ್ ಇಲ್ಲದೆಡೆಯೂ ಸ್ಥಳ ತೋರಿಸುತ್ತದೆ. ಆದರೆ ಬಯಲಿನಲ್ಲೇ ಸುಮಾರು 5 ಮೀಟರ್ ವ್ಯತ್ಯಾಸ ಬರುತ್ತದೆ. ಅಡಿಕೆಯ ಸೋಗೆಯ ಕೆಳಗೆ ಇನ್ನೂ ಹೆಚ್ಚು. ನಮ್ಮ ಮರಗಳ ಅಂತರವೋ 9 ಅಡಿ, ಅಂದರೆ 2.7 ಮೀಟರ್. ಆದ್ದರಿಂದ ತೋಟದ ಯಾವ ಮಗ್ಗುಲೆಂಬುದನ್ನು ಜಿಪಿಎಸ್ ಹೇಳೀತು, ಯಾವ ಮರವೆಂದು ಹೇಳಲಾರದು. ಸಾಲಿನ ಸಂಖ್ಯೆಯನ್ನು ಬಾಯಲ್ಲೇ ಹೇಳಬೇಕು.

ಮುಖ್ಯ ಎಚ್ಚರಿಕೆ

ಮೈಮೇಲೆ ಫೋನ್ ಇದೆಯೆಂಬ ಧೈರ್ಯದಿಂದ ಒಬ್ಬರೇ ಮರ ಹತ್ತಿಸುವುದು ಬೇಡ. ತುರ್ತು ಸಂಖ್ಯೆ 112 ಆದರೂ ಯಾವುದಾದರೊಂದು ಕಂಪನಿಯ ಸಿಗ್ನಲ್ ಇದ್ದರೆ ಮಾತ್ರ ಸಿಗುತ್ತದೆ. ಕೆಳಗೊಬ್ಬ ಜೊತೆಗಾರ, ಕೊರಳಲ್ಲೊಂದು ಸೀಟಿ ಇರಲೇಬೇಕು.

ಸದಸ್ಯರು ಮೊದಲು ಒಂದು ದಿನ ನಾಲ್ಕು ಸಾಲಿಗೆ ಮಾತ್ರ ಪ್ರಯೋಗಿಸಿ ನೋಡಲಿ. ಹೇಳಿದ ಲೆಕ್ಕವನ್ನು ಅದೇ ಸಂಜೆ ಪುಸ್ತಕಕ್ಕೆ ಏರಿಸಲಿ. ಫೋನ್ ಹಾಳಾದರೂ ಪುಸ್ತಕ ಉಳಿಯುತ್ತದೆ.