ನೋವು ನಿಂತರೆ ಹಲ್ಲು ವಾಸಿಯಾದಂತಲ್ಲ

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ದಿನಕ್ಕೆ ಆರು ಕಟಿಂಗ್ ಚಹಾ ನನಗೆ ರೂಢಿಯಾಗಿತ್ತು. ಕಳೆದ ವರ್ಷ ಬಲಗಡೆಯ ದವಡೆ ಹಲ್ಲು ಎರಡು ವಾರ ನಿದ್ದೆಗೆಡಿಸಿತು. ರಿಲೀಸ್ ಮುಗಿಯಲಿ ಎಂದು ಮಾತ್ರೆ ನುಂಗಿದೆ. ಒಂದು ದಿನ ನೋವು ತಾನಾಗಿ ನಿಂತಿತು. ಗೆದ್ದೆ ಅಂದುಕೊಂಡೆ. ದೀಪಾವಳಿಗೆ ಅಮ್ಮ ಊರಿಂದ ಕಳಿಸಿದ ಚಕ್ಕುಲಿ ಕಡಿದಾಗ ಅದೇ ಹಲ್ಲಿನ ಚೂರು ಕೈಗೆ ಬಂತು.

‘ನೋವೇ ಇರಲಿಲ್ಲವಲ್ಲ?’ ಎಂದೆ. ‘ಒಳಗಿನ ನರ ಸತ್ತಿತ್ತು. ಸೋಂಕು ಬೇರಿನ ತುದಿಗೆ ಇಳಿದಿದೆ’ ಎಂದರು ದಂತವೈದ್ಯೆ. ಸರ್ವರ್ ಪೂರ್ತಿ ಸತ್ತರೂ ಅದರಿಂದ ಅಲರ್ಟ್ ಬರುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು!

ಮೂಳೆ ಕೂಡುತ್ತದೆ, ಹಲ್ಲೇಕೆ ಕೂಡದು?
ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಮೂಡುವಷ್ಟರಲ್ಲೇ ನಶಿಸುತ್ತವೆ. ಕುಳಿ ಬೀಳುವ ಮೊದಲು ಕಾಣುವ ಬಿಳಿ ಕಲೆಯನ್ನು ಮಾತ್ರ ಜೊಲ್ಲು ಮತ್ತು ಫ್ಲೋರೈಡ್ ಪೇಸ್ಟ್ ಮತ್ತೆ ಗಟ್ಟಿ ಮಾಡಬಲ್ಲವು.

ಫಿಲ್ಲಿಂಗ್ ಸಾಲದೇ?
ಕುಳಿ ನರದವರೆಗೆ ಹೋಗಿರದಿದ್ದರೆ ಸಾಕು. ನರ ಸತ್ತಿದ್ದರೆ ರೂಟ್ ಕೆನಾಲ್ ಬೇಕು. ಉಳಿದ ತೆಳು ಗೋಡೆ ಸೀಳದಂತೆ ಮೇಲೊಂದು ಕ್ಯಾಪ್.

ದಿನಾ ಎರಡು ಸಲ ಉಜ್ಜುತ್ತೇನಲ್ಲ?
ಎಷ್ಟು ಸಕ್ಕರೆ ಎಂಬುದಷ್ಟೇ ಅಲ್ಲ, ಎಷ್ಟು ಸಲ ಎಂಬುದೂ ಮುಖ್ಯ. ಸಿಹಿ ಸಿಕ್ಕಾಗಲೆಲ್ಲ ಬ್ಯಾಕ್ಟೀರಿಯಾ ಆಮ್ಲ ಉಗುಳುತ್ತವೆ. ದಿನವಿಡೀ ಗುಟುಕರಿಸಿದರೆ ಹಲ್ಲನ್ನು ಸರಿಪಡಿಸಲು ಜೊಲ್ಲಿಗೆ ಬಿಡುವೇ ಸಿಗದು.

ಮೂರು ಸಿಟ್ಟಿಂಗ್ ಆದ ಮೇಲೆ ಹಲ್ಲು ಉಳಿಯಿತು. ಈಗ ದಿನಕ್ಕೆ ಎರಡೇ ಚಹಾ, ಅದೂ ಸಕ್ಕರೆಯಿಲ್ಲದೆ. ನಿಮ್ಮ ಹಲ್ಲುನೋವೂ ತಾನಾಗಿ ನಿಂತಿದೆಯೇ? ಈ ವಾರವೇ ತೋರಿಸಿ. ಚಕ್ಕುಲಿ ಬರುವವರೆಗೆ ಕಾಯಬೇಡಿ.